ಚೀಸ್ ಹಾಕಿದ ತರಕಾರಿ ಕ್ಯಾಸರೋಲ್ ನೀರಾಗದಂತೆ ಮಾಡುವುದು ಹೇಗೆ?

ಪ್ರಶ್ನೆ, ಬನಶಂಕರಿಯಿಂದ:
ಕ್ರಿಸ್ಮಸ್ ರಜೆಗೆ ನಮ್ಮ ಮನೆಯಲ್ಲಿ ದೊಡ್ಡವರು, ಮಕ್ಕಳು ಸೇರಿ 12 ಮಂದಿ ಊಟಕ್ಕೆ ಕೂಡಲಿದ್ದೇವೆ. ಚೀಸ್ ಹಾಕಿದ ತರಕಾರಿ ಕ್ಯಾಸರೋಲ್ (ಬೆಂದ ತರಕಾರಿಗೆ ಚೀಸ್ ಸಾಸ್ ಬೆರೆಸಿ ಓವನ್ನಿನಲ್ಲಿ ಬೇಕ್ ಮಾಡುವ ತಿನಿಸು) ಮಾಡಬೇಕೆಂದಿದ್ದೇನೆ. ಕಳೆದ ಬಾರಿ ಮಾಡಿದಾಗ ತಳದಲ್ಲಿ ನೀರು ನಿಂತಿತು, ಸಾಸ್ ಒಡೆದು ಎಣ್ಣೆ ಬಿಟ್ಟಿತು. ನಮ್ಮಲ್ಲಿರುವುದು ಚಿಕ್ಕ ಓಟಿಜಿ (ಮೇಜಿನ ಮೇಲಿಡುವ ಕರೆಂಟಿನ ಓವನ್). ಹಿಂದಿನ ದಿನವೇ ಸಿದ್ಧಪಡಿಸಿಡಬಹುದೇ? ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಮಲ್ಲೇಶ್ವರದಿಂದ:
ನಿಮ್ಮ ಎರಡೂ ತೊಂದರೆಗಳನ್ನು ನಾನು ಕಂಡಿದ್ದೇನೆ. ಮೊದಲ ಬಾರಿ ಮಾಡಿದಾಗ, ಬಡಿಸುವ ಹೊತ್ತಿಗೆ ನಮ್ಮ ಅತ್ತೆಯವರು ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ, ಮೂಲೆಯಲ್ಲಿ ನಿಂತಿದ್ದ ನೀರನ್ನು ಸೌಟಿನಿಂದ ಲೋಟಕ್ಕೆ ತೆಗೆದರು. ಮುಕ್ಕಾಲು ಲೋಟ ತುಂಬಿತು. ಅದು ಹಾಲಿನ ನೀರಲ್ಲ, ಬೇಯಿಸಿದ ತರಕಾರಿ ಹೊತ್ತು ತಂದ ನೀರು ಎಂದು ಗೊತ್ತಾದ ಮೇಲೆ, ಚೀಸಿಗಿಂತ ಹೆಚ್ಚಿನ ಗಮನವನ್ನು ತರಕಾರಿಯ ತೇವ ಒಣಗಿಸುವುದಕ್ಕೇ ಕೊಡುತ್ತಿದ್ದೇನೆ.

ಕ್ಯಾರೆಟ್, ಬೀನ್ಸ್, ಹೂಕೋಸು, ಬಟಾಣಿ ಇವುಗಳನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಬೇರೆ ಬೇರೆಯಾಗಿ, ಮುಕ್ಕಾಲು ಪಾಲು ಬೇಯುವಷ್ಟೇ ಬೇಯಿಸಿ. ಉಳಿದ ಕಾಲು ಪಾಲು ಓವನ್ನಿನಲ್ಲಿ ಬೇಯುತ್ತದೆ. ಕುಕ್ಕರಿನಲ್ಲಿಟ್ಟು ವಿಶಲ್ ಕೂಗಿಸಿದರೆ ಹೂಕೋಸು ಮೆತ್ತಗಾಗಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಸಿದ ಕೂಡಲೇ, ಇನ್ನೂ ಹಬೆಯಾಡುತ್ತಿರುವಾಗಲೇ, ಒಣಗಿದ ಹತ್ತಿ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಬೇಕು. ಆ ಬಿಸಿಯಲ್ಲೇ ಮೇಲಿನ ತೇವ ಹಬೆಯಾಗಿ ಹೋಗುತ್ತದೆ. ಜಾಲರಿಯಲ್ಲಿ ಗುಡ್ಡೆಯಾಗಿ ಬಿಟ್ಟರೆ ಹೋಗುವುದಿಲ್ಲ. ಅರ್ಧ ಗಂಟೆಯ ನಂತರ ಮುಟ್ಟಿದರೆ ಬೆರಳಿಗೆ ತೇವ ಹತ್ತಬಾರದು. ದಪ್ಪ ಮೆಣಸಿನಕಾಯಿ, ಅಣಬೆ, ಸೀಮೆಬದನೆಕಾಯಿಗಳನ್ನು ಬೇಯಿಸದೆ ಬಾಣಲೆಯಲ್ಲಿ ಜೋರು ಉರಿಯ ಮೇಲೆ, ಬಿಟ್ಟ ನೀರು ಬತ್ತುವವರೆಗೆ ಹುರಿಯಬೇಕು. ಟೊಮೇಟೊವನ್ನು ನಾನು ಹಾಕುವುದೇ ಇಲ್ಲ. ಡಿಸೆಂಬರಿನಲ್ಲಿ ಸೊನೆ ಅವರೆಕಾಯಿ ಸಿಗುವುದರಿಂದ ಎರಡು ಹಿಡಿ ಹಿತಕಿದ ಅವರೆಬೇಳೆಯನ್ನೂ ಬೇಯಿಸಿ ಸೇರಿಸುತ್ತೇನೆ. ಚೀಸಿನ ನಡುವೆ ಆ ಘಮ ಬಂದಾಗ ನಮ್ಮ ಮನೆಯ ಹಿರಿಯರು ಎರಡನೆಯ ಸಲ ಬಡಿಸಿಕೊಂಡಿದ್ದಾರೆ.

ನಿಮ್ಮ 12 ಮಂದಿಗೆ ಒಂದೂಕಾಲು ಕೆಜಿ ತರಕಾರಿ, 750 ಮಿಲಿ ಹಾಲು, 60 ಗ್ರಾಂ ಬೆಣ್ಣೆ, 60 ಗ್ರಾಂ ಮೈದಾ, ಒಟ್ಟು 250 ಗ್ರಾಂ ಚೀಸ್ ಸಾಕು. ಬೆಣ್ಣೆಯಲ್ಲಿ ಮೈದಾವನ್ನು ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದಂತೆ, ಹಸಿವಾಸನೆ ಹೋಗುವವರೆಗೆ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಗಂಟು ಕಟ್ಟದಂತೆ ತಿರುವಿ ಕುದಿಸಿ. ಸೌಟಿನ ಹಿಂಬದಿಗೆ ಅಂಟಿದ ಸಾಸಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಆ ಗೆರೆ ಹಾಗೆಯೇ ಉಳಿಯಬೇಕು, ಅದೇ ಹದ.

ಎಣ್ಣೆ ಬಿಟ್ಟಿತೆಂದಿರಲ್ಲ, ಬಹುಶಃ ಸಾಸ್ ಕುದಿಯುತ್ತಿರುವಾಗಲೇ ಚೀಸ್ ಹಾಕಿದ್ದೀರಿ. ಶಾಖ ಹೆಚ್ಚಾದರೆ ಚೀಸಿನ ಪ್ರೋಟೀನು ಬಿಗಿದುಕೊಂಡು ಕೊಬ್ಬನ್ನು ಹೊರಗೆ ಹಿಂಡುತ್ತದೆ. ಆದ್ದರಿಂದ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ತುರಿದ ಚೀಸನ್ನು ಸೇರಿಸಿ. ಸಾಸಿಗೆ ಅಂಗಡಿಯಲ್ಲಿ ಕ್ಯೂಬುಗಳಾಗಿ ಸಿಗುವ ಸಂಸ್ಕರಿಸಿದ ಚೀಸ್ ಒಳ್ಳೆಯದು. ಕೊಬ್ಬು ಬೇರ್ಪಡದಂತೆ ತಡೆಯುವ ಲವಣಗಳು ಅದರಲ್ಲಿ ಇರುವುದರಿಂದ ನುಣ್ಣಗೆ ಕರಗುತ್ತದೆ. ಮೊಝರೆಲ್ಲಾ ಸಾಸಿನೊಳಗೆ ಹೋದರೆ ಎಳೆ ಎಳೆಯಾಗುತ್ತದೆ, ಅದನ್ನು ಮೇಲೆ ಉದುರಿಸಲು ಮಾತ್ರ ಇಟ್ಟುಕೊಳ್ಳಿ. ಕ್ಯೂಬುಗಳಲ್ಲಿ ಉಪ್ಪು ಹೆಚ್ಚಾಗಿಯೇ ಇರುತ್ತದೆ, ಹಾಗಾಗಿ ಚೀಸ್ ಕರಗಿದ ಮೇಲೆ ರುಚಿ ನೋಡಿಯೇ ಉಪ್ಪು ಹಾಕಬೇಕು. ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಸಾಕು.

ಪಾತ್ರೆ ಕೊಳ್ಳುವ ಮುನ್ನ ಓಟಿಜಿಯ ಒಳಗನ್ನು ಟೇಪು ಹಿಡಿದು ಅಳೆಯಿರಿ. 13 ಇಂಚಿನ ಗಾಜಿನ ಪಾತ್ರೆ ಚಿಕ್ಕ ಓಟಿಜಿಯಲ್ಲಿ ಹಿಡಿಸುವುದಿಲ್ಲ. ಎರಡು ಚಿಕ್ಕ ಪಾತ್ರೆಗಳಲ್ಲಿ ಮಾಡಿದರೆ ಒಂದನ್ನು ಮಕ್ಕಳಿಗೆಂದು ಖಾರವಿಲ್ಲದೆ, ಇನ್ನೊಂದನ್ನು ಹಸಿಮೆಣಸಿನಕಾಯಿ ಹಾಕಿ ಮಾಡಬಹುದು. ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 25 ನಿಮಿಷ ಬೇಕಾಗುತ್ತದೆ. ಹೊರತೆಗೆದ ಮೇಲೆ 10ರಿಂದ 15 ನಿಮಿಷ ಮುಟ್ಟದೆ ಬಿಟ್ಟರೆ ಸಾಸ್ ಬಿಗಿಯುತ್ತದೆ.

ಬಸವನಗುಡಿಯಿಂದ:
ಹಿಂದಿನ ದಿನದ ವಿಚಾರಕ್ಕೆ ನನ್ನ ಅನುಭವ ಹೇಳುತ್ತೇನೆ. ಸಾಸ್ ಮತ್ತು ತರಕಾರಿ ಎರಡೂ ಪೂರ್ತಿ ತಣಿದ ಮೇಲೆ ಬೆರೆಸಿ, ಮುಚ್ಚಿ, ಫ್ರಿಜ್ಜಿನಲ್ಲಿಡಿ. ಬೇಕ್ ಮಾಡುವುದು ಮಾತ್ರ ಅದೇ ದಿನವಾಗಲಿ. ಫ್ರಿಜ್ಜಿನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಕಾದ ಓವನ್ನಿಗೆ ಇಟ್ಟು, ಅದು ಒಳಗೇ ಸೀಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ದಿನದ ಅಡುಗೆಯೆಲ್ಲ ಎಸೆಯಬೇಕಾಯಿತು. ಅರ್ಧ ಗಂಟೆ ಹೊರಗಿಟ್ಟು ನಂತರ ಇಡಿ, ಇಲ್ಲವೇ ಸ್ಟೀಲ್ ಅಥವಾ ಅಲ್ಯುಮಿನಿಯಂ ಪಾತ್ರೆ ಬಳಸಿ. ತಣ್ಣಗಿರುವುದರಿಂದ ಮೊದಲ 20 ನಿಮಿಷ ಫಾಯಿಲ್ ಮುಚ್ಚಿ, ಆಮೇಲೆ ತೆರೆದು ಇನ್ನೂ 15ರಿಂದ 20 ನಿಮಿಷ ಬಿಡಬೇಕು.

ಮೇಲಿನ ಗರಿಗರಿಗೆ ಬ್ರೆಡ್ ಪುಡಿಗಿಂತ ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತನ್ನು ತರಿತರಿಯಾಗಿ ಪುಡಿಮಾಡಿ, ಫಾಯಿಲ್ ತೆಗೆದ ಮೇಲೆ ಉದುರಿಸಿ. ಮೊದಲೇ ಹಾಕಿದರೆ ಹಬೆಗೆ ಮೆತ್ತಗಾಗುತ್ತದೆ.

ಜಯನಗರದಿಂದ:
ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಕಟ್ಟುನಿಟ್ಟಾದ ಸಸ್ಯಾಹಾರಿಗಳು ಬರುವುದಿದ್ದರೆ ಚೀಸಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ ಕೊಳ್ಳಿ, ಏಕೆಂದರೆ ಹೊರದೇಶದ ಕೆಲವು ಚೀಸುಗಳಲ್ಲಿ ಹಾಲನ್ನು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇನ್ನು, ಬೇಕ್ ಮಾಡುವ ನಡುವೆ ಕರೆಂಟು ಹೋದರೆ ಗಾಬರಿಯಾಗಬೇಡಿ. ಓವನ್ನಿನ ಬಾಗಿಲು ತೆರೆಯದೆ ಹತ್ತು ನಿಮಿಷ ಕಾದು, ಕರೆಂಟು ಬಾರದಿದ್ದರೆ ಮಿಶ್ರಣವನ್ನು ದಪ್ಪ ತಳದ ಬಾಣಲೆಗೆ ಹಾಕಿ, ಮುಚ್ಚಳ ಮುಚ್ಚಿ, ಬಾಣಲೆಯ ಅಡಿಗೆ ಕಬ್ಬಿಣದ ತವಾ ಇಟ್ಟು ಸಣ್ಣ ಉರಿಯಲ್ಲಿ ಬಿಸಿಮಾಡಿ. ಮೇಲೆ ಕೆಂಪು ಬಣ್ಣ ಬರುವುದಿಲ್ಲ, ಆದರೆ ಚೀಸ್ ಚೆನ್ನಾಗಿ ಕರಗುತ್ತದೆ, ತಳವೂ ಹಿಡಿಯುವುದಿಲ್ಲ.