ಹೆಸರು ಕೆಡಿಸೋ ಕೆಲಸ

"ಈಗ ಏನೋ ಕೆಲಸ ನಿಂದು?" ಅಂತ ಗೆಳತಿ ಕೇಳಿದ್ಲು, ನಾನು ಇದ್ದದ್ದು ಇದ್ದಂಗೆ ಹೇಳ್ದೆ, "ಕೋಡನ್ನ ಮಷೀನ್ ಭಾಷೆಗೆ ತಿರುಗಿಸೋ ಕಂಪೈಲರ್ ಫಂಕ್ಷನ್‌ಗಳ ಹೆಸರು ಕೆಡಿಸ್ತದೆ, ಸರಿಯಾಗಿ ಕೆಡಿಸಿದ್ಯಾ ಅಂತ ನೋಡೋದು ನಾನು."

"ಅದಕ್ಕೂ ಸಂಬಳಾನಾ? ನಾವು ಪುಕ್ಕಟೆ ಮಾಡ್ತೀವಲ್ಲೋ!"

ನಗ್ಬೇಡ ಕಣೇ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದೇ ಹೆಸರಲ್ಲಿ ಹತ್ತು ಫಂಕ್ಷನ್ ಇರ್ತವೆ, ಪಾಪ, ಫೈಲುಗಳನ್ನ ಒಂದಕ್ಕೊಂದು ಜೋಡಿಸೋ ಲಿಂಕರ್‌ಗೆ ಗೊತ್ತಾಗೋದು ಬರೀ ಹೆಸರು, ಅದಕ್ಕೇ ಕಂಪೈಲರ್ ಆರ್ಗ್ಯುಮೆಂಟ್ ಟೈಪನ್ನೂ (ಫಂಕ್ಷನ್‌ಗೆ ಕೊಡೋದು ಯಾವ ಥರದ್ದು ಅನ್ನೋದನ್ನೂ) ಹೆಸರೊಳಗೇ ತುರುಕಿ ಕಳಿಸ್ತದೆ. ನಾನು ಫಿಲ್ ಅನ್ನೋ ಫಂಕ್ಷನ್‌ಗೆ ಒಂದು ಸೈಜ್ ಟಿ (ಅಳತೆ ಹೇಳೋ ನಂಬರ್ ಟೈಪು, ಸಿಸ್ಟಮ್ಮಿಗೆ ತಕ್ಕಂಗೆ ಬದಲಾಗ್ತದೆ) ಕೊಟ್ಟು, "ಅಂಡರ್‌ಸ್ಕೋರ್ ಝಡ್ 4 ಫಿಲ್ ಎಮ್" ಬರ್ಬೇಕು ಅಂತ ಟೆಸ್ಟ್ ಬರ್ದೆ. 4 ಅಂದ್ರೆ ಇಂಗ್ಲಿಷಲ್ಲಿ ಬರ್ದ ಹೆಸರಿನ ಅಕ್ಷರಗಳ ಲೆಕ್ಕ, ಎಮ್ ಅಂದ್ರೆ ಅನ್‌ಸೈನ್ಡ್ ಲಾಂಗ್. 64 ಬಿಟ್ ಲಿನಕ್ಸಲ್ಲಿ ಪಾಸು. 32 ಬಿಟ್ ಎಕ್ಸ್86 ಲಿನಕ್ಸಲ್ಲಿ ಎಮ್ ಹೋಗಿ ಜೆ ಆಯ್ತು, ವಿಂಡೋಸ್ 64 ಬಿಟ್ ಕಂಪೈಲರ್ ಮಿಂಗ್‌ಡಬ್ಲ್ಯೂನಲ್ಲಿ ವೈ ಆಯ್ತು, ಮ್ಯಾಕ್ ಆಬ್ಜೆಕ್ಟ್ ಫೈಲಲ್ಲಿ ಎಮ್ಮೇನೋ ಇತ್ತು ಆದ್ರೆ ಮುಂದೆ ಇನ್ನೊಂದು ಅಂಡರ್‌ಸ್ಕೋರ್ ಅಂಟ್ಕೊಂಡಿತ್ತು.

"ಮೈಕ್ರೋಸಾಫ್ಟ್‌ದು ಓದೋ ನೋಡಣ" ಅಂದ ಪಕ್ಕದಲ್ಲಿದ್ದ ಇನ್ನೊಬ್ಬ ಗೆಳೆಯ, ಅವರ ಕಂಪೈಲರ್ ಕೆಡಿಸೋದು ಬೇರೆ ಥರ. ಓದ್ದೆ: ಪ್ರಶ್ನಾರ್ಥಕ ಚಿಹ್ನೆ, ಫಿಲ್, ಆಟ್ ಆಟ್, ವೈ ಎ ಎಕ್ಸ್, ಅಂಡರ್‌ಸ್ಕೋರ್ ಕೆ, ಆಟ್ ಝಡ್.

"ಉಸಿರು ತಗೋ ಮಾರಾಯ!"

ಅದರಲ್ಲಿ ಎಕ್ಸ್ ಅಂದ್ರೆ ವಾಯ್ಡ್ (ಫಂಕ್ಷನ್ ಏನೂ ವಾಪಸ್ ಕೊಡಲ್ಲ), ಅಂದ್ರೆ ರಿಟರ್ನ್ ಟೈಪೂ ಹೆಸರಲ್ಲೇ ಇದೆ. ಮೊದಲು ಹೇಳಿದ ಅಂಡರ್‌ಸ್ಕೋರ್ ಝಡ್ ಹೆಸರಿಂದು ಇಟೇನಿಯಂ ಪದ್ಧತಿ, ಅದು ಮಾಮೂಲಿ ಫಂಕ್ಷನ್‌ಗೆ ಅದನ್ನ ಹಾಕಲ್ಲ, ಹಾಗಾಗಿ ಒಂದು ಫೈಲಲ್ಲಿ ಇಂಟ್ ಇನ್ನೊಂದರಲ್ಲಿ ಡಬಲ್ ಅಂತ ಬರ್ದಿದ್ರೂ ಲಿಂಕರ್ ತೆಪ್ಪಗಿರ್ತದೆ, ಆಮೇಲೆ ರನ್ ಮಾಡ್ದಾಗ ಕಸದ ನಂಬರ್ ಬಂದು ಗ್ರಹಚಾರ ಬಿಡಿಸ್ತದೆ. ಮೈಕ್ರೋಸಾಫ್ಟ್‌ದು ಲಿಂಕಲ್ಲೇ ಬಾಯಿ ಬಡ್ಕೊಳ್ತದೆ. ನಂಗೆ ಇದೇ ಇಷ್ಟ. ಆದ್ರೆ ಅದು ಸ್ಟ್ರಕ್ಟ್‌ಗೆ ಯು, ಕ್ಲಾಸ್‌ಗೆ ವಿ ಅಂತ ಬೇರೆ ಬೇರೆ ಹಾಕ್ತದೆ, ಒಂದು ಕಡೆ ಕ್ಲಾಸ್ ಅಂದು ಇನ್ನೊಂದು ಕಡೆ ಸ್ಟ್ರಕ್ಟ್ ಅಂದ್ರೆ ಮುಗೀತು, ಲಿಂಕ್ ಆಗಲ್ಲ, ಇದು ಮಾತ್ರ ಅತಿಯಾಯ್ತು.

"ಇಟೇನಿಯಂ ಅಂದ್ರೆ ಇಂಟೆಲ್‌ದು ಚಿಪ್ ಅಲ್ವೇನೋ?"

ಹೌದು, 2021ಕ್ಕೆ ಚಿಪ್ ಸಾಗಿಸೋದೇ ನಿಲ್ಸಿದ್ರು, ಅದರ ಎಬಿಐ (ಈ ಹೆಸರು ಕೆಡಿಸೋ ನಿಯಮ ಎಲ್ಲಾ ಇರೋ ಪದ್ಧತಿ) ಮಾತ್ರ ಲಿನಕ್ಸು ಮ್ಯಾಕು ಎಲ್ಲಾ ಕಡೆ ಓಡ್ತಿದೆ.

"ಚಿಪ್ ಹೋದ್ರೂ ಚಾಳಿ ಹೋಗ್ಲಿಲ್ಲ ಅನ್ನು. ಸರಿ, ನಿನ್ ಟೆಸ್ಟ್ ಏನಾಯ್ತು?"

ಒಂದೊಂದು ಟಾರ್ಗೆಟ್‌ಗೆ ಒಂದೊಂದು ಸಾಲು ಬರ್ದು ಎಲ್ಲಾ ಪಾಸ್ ಮಾಡಿಸ್ದೆ, ಖುಷೀಲಿ ಕಳಿಸ್ದೆ, ರಿವ್ಯೂ ಮಾಡೋರು ಒಂದೇ ಸಾಲು ಬರ್ದಿದ್ರು: "ಫಂಕ್ಷನ್ ಹೆಸರು ಚೆನ್ನಾಗಿಲ್ಲ, ಬದಲಾಯಿಸಿ."