ರೇಡಿಯೊ ಸ್ಕ್ಯಾನರಿನ ಬ್ಯಾಂಕ್ ಲೆಕ್ಕ ಹೇಗೆ?

ನಮಸ್ಕಾರ. ಜಯನಗರದಲ್ಲಿದ್ದೇನೆ, ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ. ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕಿ ಕೇಳಿಸುವ ರೇಡಿಯೊ, ಯೂನಿಡೆನ್ ಬಿಸಿ125ಎಟಿ ಸ್ಕ್ಯಾನರ್ ಕೈಗೆ ಬಂದಿದೆ. 500 ಚಾನೆಲ್ ಅಂತಾರೆ, 10 ಬ್ಯಾಂಕ್ (ಚಾನೆಲ್‌ಗಳ ಗುಂಪು) ಅಂತಾರೆ. ರಿಪೀಟರ್‌ಗಳನ್ನು (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಕೇಂದ್ರಗಳು) ಎಲ್ಲಿ ತುಂಬಬೇಕು? ಸುಮ್ನೆ 1ರಿಂದ ಶುರು ಮಾಡಿದರೆ ಸಾಕಾ?

↳ ಬೇಡ ಸರ್, ಆಮೇಲೆ ಒದ್ದಾಡುತ್ತೀರಿ. ಒಂದು ಬ್ಯಾಂಕಿಗೆ 50 ಚಾನೆಲ್, ಜಾಗ ಮೊದಲೇ ನಿಗದಿ. 1ರಿಂದ 50 ಮೊದಲ ಬ್ಯಾಂಕ್, 51ರಿಂದ 100 ಎರಡನೆಯದು, ಹೀಗೇ. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮ್ ಇದ್ದಂತೆ, ಖಾಲಿ ಇದ್ದರೂ ಆ ಜಾಗ ಬೇರೆ ಬ್ಯಾಂಕಿಗೆ ಹೋಗುವುದಿಲ್ಲ. 144–146 ಮೆಗಾಹರ್ಟ್ಸ್‌ನವು ಒಂದರಲ್ಲಿ, 434–438ರವು ಇನ್ನೊಂದರಲ್ಲಿ ಇಡಿ. ಸ್ಕ್ಯಾನ್ ಆಗುವಾಗ ಅಂಕಿ ಒತ್ತಿದರೆ ಆ ಬ್ಯಾಂಕ್ ಆನ್ ಅಥವಾ ಆಫ್ ಆಗುತ್ತದೆ, ಅದಕ್ಕೇ ವಿಂಗಡಿಸುವುದು ಮುಖ್ಯ ಅಲ್ವಾ? 10ನೆಯದಕ್ಕೆ ಸೊನ್ನೆ ಒತ್ತಬೇಕು.

↳ ಇದೂ ಸೇರಿಸಿಕೊಳ್ಳಿ: ಸದ್ದು ಜಾಸ್ತಿ ಮಾಡುವ ಚಾನೆಲ್ಲನ್ನು ಅಳಿಸಬೇಡಿ, ಲಾಕ್‌ಔಟ್ ಮಾಡಿ, ಅಂದರೆ ಸ್ಕ್ಯಾನ್ ಆಗುವಾಗ ಅದನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿ. ತಾತ್ಕಾಲಿಕ ಲಾಕ್‌ಔಟ್ ಆದರೆ ಸ್ಕ್ಯಾನರ್ ಆಫ್ ಮಾಡಿ ಆನ್ ಮಾಡಿದಾಗ ಅದು ಮತ್ತೆ ಸಾಲಿಗೆ ಬರುತ್ತದೆ.

↳ ಬಿಸಿಡಿ436ಎಚ್‌ಪಿ ಥರದ ಮಾಡೆಲ್‌ಗಳಲ್ಲಿ ಈ ಬ್ಯಾಂಕ್ ಪದ್ಧತಿಯೇ ಇಲ್ಲ. ಅಲ್ಲಿ ಫೇವರಿಟ್ ಪಟ್ಟಿ, ಅದರೊಳಗೆ ಸಿಸ್ಟಂ, ಅದರೊಳಗೆ ಡಿಪಾರ್ಟ್‌ಮೆಂಟ್, ಕೊನೆಗೆ ಚಾನೆಲ್. ಆ ಮಾಡೆಲ್‌ಗಳ ವಿಡಿಯೋ ನೋಡಿ ನಿಮ್ಮದರಲ್ಲಿ ಹುಡುಕಬೇಡಿ, ಸಿಗುವುದಿಲ್ಲ.