ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಉರಿಯುತ್ತಿದೆ, ಕಡ್ಡಿಯಲ್ಲಿ ನೋಡಿದರೆ ಆಯಿಲ್ ಜಾಸ್ತಿಯೇ ಇದೆ!

ಮನೆಗಾಡಿ ಮೇಷ್ಟ್ರು, ಮೈಸೂರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಈಗ ನಿವೃತ್ತ. ಬಂದ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಂಡು ಮನೆಗಾಡಿ ಮಾಡಿಸಿಕೊಂಡಿದ್ದೇನೆ. 2021ರ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್, ಓಡಿರುವುದು 68,000 ಕಿ.ಮೀ. ಎರಡು ಮಂಚ, ಒಲೆ, ನೀರಿನ ಟ್ಯಾಂಕ್, ನಮ್ಮ ಮನೆಯವರ ದೇವರ ಪಟ ಎಲ್ಲ ಅದರೊಳಗೇ.

ಕಳೆದ ವಾರ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಮೂರು ರಾತ್ರಿ ಇದ್ದು ವಾಪಸ್ ಬರುತ್ತಿದ್ದೆವು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟಿದಾಗ, ನಮ್ಮ ಮನೆಯವರು ಏಲಕ್ಕಿ ತಗೋತೀನಿ ಅಂತ ಇಳಿದರು. ಇಂಜಿನ್ ಆಫ್ ಮಾಡಿರಲಿಲ್ಲ. ಸುಮ್ನೆ ಕೂತಿದ್ದಾಗ ಆ ಕೆಂಪು ಎಣ್ಣೆಗಿಂಡಿ ದೀಪ ಮಿಣಮಿಣ ಅಂತು, ಆಮೇಲೆ ಹಾಗೇ ನಿಂತಿತು. ಸ್ವಲ್ಪ ರೇಸ್ ಕೊಟ್ಟರೆ ಹೋಗುತ್ತೆ, ಕಾಲು ತೆಗೆದರೆ ಬರುತ್ತೆ.

ಆಫ್ ಮಾಡಿ ಹತ್ತು ನಿಮಿಷ ಕಾದು ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ 11 ಮಿ.ಮೀ. ಮೇಲಿದೆ! (ಸ್ಕೇಲ್ ಇಟ್ಟೇ ಅಳೆದೆ, ನಗಬೇಡಿ.) ಆಯಿಲ್ ಕಡಿಮೆ ಆದರೆ ತಾನೇ ಪ್ರೆಷರ್ ಕಡಿಮೆ ಆಗೋದು? ಜಾಸ್ತಿಯೇ ಇದೆಯಲ್ಲ ಅಂತ ಧೈರ್ಯ ಮಾಡಿ ಮೈಸೂರಿನವರೆಗೆ ಓಡಿಸಿಕೊಂಡು ಬಂದೆ. ಹುಣಸೂರಿನಲ್ಲಿ ಟ್ರಾಫಿಕ್ಕಿಗೆ ನಿಂತಾಗ ಮತ್ತೆ ಬಂತು. ಮಾರನೇ ದಿನ ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ದೀಪ ಇಲ್ಲ.

ಒಬ್ಬ ಗ್ಯಾರೇಜಿನವರು ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, ಒಂದೂವರೆ ಲಕ್ಷ ಅಂದರು. ಬಾನೆಟ್ ಕೂಡ ಎತ್ತಲಿಲ್ಲ. ಇನ್ನೊಬ್ಬರು ಗಟ್ಟಿ ಆಯಿಲ್ ಹಾಕಿ ಓಡಿಸಿ ಸಾರ್ ಅಂದರು. ಯಾರ ಮಾತು ಕೇಳಲಿ?

ತಿಪಟೂರು ಟು ಒಹಾಯೊ

ಮೇಷ್ಟ್ರೇ, ಗಾಬರಿ ಆಗಬೇಡಿ. ಇಲ್ಲಿ ಅಮೆರಿಕದಲ್ಲಿ ನನ್ನ ಹತ್ತಿರ 30 ಅಡಿ ಉದ್ದದ ಪೆಟ್ರೋಲ್ ಮೋಟರ್‌ಹೋಮ್ ಇದೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಹೀಗೇ ಆಯಿಲ್ ಪ್ರೆಷರ್ ತೋರಿಸುವ ಮುಳ್ಳು ಸೊನ್ನೆಗೆ ಬಿತ್ತು. ಎದೆ ಧಸಕ್ ಅಂತು. ಕೊನೆಗೆ ನೋಡಿದರೆ ಪ್ರೆಷರ್ ಸ್ವಿಚ್ ಒಳಗಿನಿಂದ ಸೋರಿ ಕೆಟ್ಟಿತ್ತು. ಸೀಟುಗಳ ಮಧ್ಯದ ಇಂಜಿನ್ ಮುಚ್ಚಳ ಎತ್ತಿ, ಕಾರ್ಪೆಟ್ ಮೇಲೆ ಬೋರಲು ಮಲಗಿ ಬದಲಾಯಿಸಿದೆ. ನಾನು ಆಗ ಕಲಿತದ್ದು ಏನೆಂದರೆ, ಎಷ್ಟೋ ಗಾಡಿಗಳ ಡ್ಯಾಶ್‌ಬೋರ್ಡಿನ ಆ ಮುಳ್ಳು ಒತ್ತಡ ಅಳೆಯುವುದೇ ಇಲ್ಲ. ಹಿಂದೆ ಇರೋದು ಬರೀ ಆನ್-ಆಫ್ ಸ್ವಿಚ್. ಮೊದಲು ಸ್ವಿಚ್ ಹಾಕಿಸಿ ನೋಡಿ.

ಡಿಪೋ ಮೇಸ್ತ್ರಿ, ಹಾಸನ

ಮೇಷ್ಟ್ರೇ, ಮೊದಲು ಬೈದುಬಿಡುತ್ತೇನೆ. ಆಯಿಲ್ ಲೈಟ್ ಬಂದ ಮೇಲೆ ಮಡಿಕೇರಿಯಿಂದ ಮೈಸೂರಿಗೆ ಓಡಿಸಿದ್ದು ದೊಡ್ಡ ತಪ್ಪು. ಆ ಸ್ವಿಚ್ ಸಾಮಾನ್ಯವಾಗಿ ಪ್ರೆಷರ್ 5ರಿಂದ 7 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿದ ಮೇಲೆ ದೀಪ ಹಚ್ಚುತ್ತದೆ. ಅಷ್ಟು ಹೊತ್ತಿಗೆ ಬೇರಿಂಗಿನ ಹಣೆಬರಹ ಅರ್ಧ ಬರೆದಾಗಿರುತ್ತದೆ. ಇನ್ನು ಒಂದು ಸಲವೂ ಓಡಿಸಬೇಡಿ.

ಒಹಾಯೊದವರು ಹೇಳಿದಂತೆ ಸ್ವಿಚ್ ಕೆಟ್ಟಿರಬಹುದು. ಆದರೆ ಹೊಸ ಸ್ವಿಚ್ ಹಾಕಿ ದೀಪ ಹೋಯಿತು ಅಂತ ಖುಷಿಪಡುವ ಮೊದಲು ನಿಜವಾದ ಪ್ರೆಷರ್ ನೋಡಬೇಕು. ಸ್ವಿಚ್ ಬಿಚ್ಚಿ, ಅದೇ ತೂತಿಗೆ ಗೇಜ್ ಹಾಕಿ ನೋಡುವ ಮೆಕ್ಯಾನಿಕ್ ಬೇಕು. ಬಾನೆಟ್ ಎತ್ತದೆ ಒಂದೂವರೆ ಲಕ್ಷ ಅನ್ನುವವರು ಬೇಡ. ಮನೆಗಾಡಿ ಮಾಡಿಸುವಾಗ ಎರಡನೇ ಬ್ಯಾಟರಿಗೆ ವೈರ್ ಎಳೆದಿರುತ್ತಾರೆ. ಸ್ವಿಚ್ಚಿನ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೂ ದೀಪ ಉರಿಯುತ್ತದೆ. ನಿಮ್ಮದು ಒಂದೇ ವೈರಿನ ಸ್ವಿಚ್ ಆದರೆ, ಆ ವೈರ್ ಕಿತ್ತು ಕೀ ಆನ್ ಮಾಡಿ. ಆಗಲೂ ಉರಿದರೆ ವೈರಿಂದೇ ತೊಂದರೆ.

ನನಗೆ ಮಾತ್ರ ಅನುಮಾನ ಬೇರೆ ಕಡೆ. ಪಂಪ್ ಆಯಿಲನ್ನು ತಳ್ಳುತ್ತದೆ ಅಷ್ಟೇ. ಬೇರಿಂಗಿನ ಸಣ್ಣ ಸಂದಿಯಲ್ಲಿ ಅದು ತಿಣುಕಿ ದಾಟಬೇಕಲ್ಲ, ಆಗ ಪ್ರೆಷರ್ ಹುಟ್ಟುತ್ತದೆ. ಗಟ್ಟಿ ಮೊಸರು ತಿಣುಕುತ್ತದೆ, ನೀರುಮಜ್ಜಿಗೆ ಸಲೀಸಾಗಿ ಹರಿದು ಹೋಗುತ್ತದೆ. ಬಿಸಿಯಾದಾಗ ಮಾತ್ರ, ಐಡ್ಲಿಂಗ್‌ನಲ್ಲಿ ಮಾತ್ರ ದೀಪ ಬರುತ್ತದೆ ಅಂದರೆ ಒಂದೋ ಸಂದಿ ದೊಡ್ಡದಾಗಿದೆ, ಇಲ್ಲಾ ಮೊಸರು ಮಜ್ಜಿಗೆಯಾಗಿದೆ. ಹಂಪ್ ಹೊಡೆದು ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ನೆಗ್ಗಿ, ಪಂಪ್ ಆಯಿಲ್ ಎಳೆದುಕೊಳ್ಳುವ ಸ್ಟ್ರೈನರಿಗೆ ಒತ್ತಿಕೊಂಡಿದ್ದರೆ ಲೆಕ್ಕ ಉಲ್ಟಾ ಇರುತ್ತಿತ್ತು. ಆಗ ಐಡ್ಲಿಂಗ್‌ನಲ್ಲಿ ಸರಿ ಇದ್ದು, ವೇಗ ಏರಿದಂತೆ ಪ್ರೆಷರ್ ಬೀಳುತ್ತದೆ. ಆದರೂ ಬಗ್ಗಿ ಒಂದು ಸಲ ನೋಡಿ, ಮನೆ ಹೊತ್ತ ಗಾಡಿ ತಗ್ಗಿರುತ್ತದೆ.

ಈಗ ನಿಮ್ಮ 11 ಮಿ.ಮೀ.ಗೆ ಬರೋಣ. ನೀವು ಧೈರ್ಯ ತಗೊಂಡಿದ್ದು ಅದರಿಂದ, ನನಗೆ ಹೆದರಿಕೆ ಆಗಿದ್ದೂ ಅದರಿಂದಲೇ. ಇಂಜಿನ್ ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಯಾರೂ ಹಾಕಿಲ್ಲ ಅಂದರೆ ಒಳಗೆ ಏನೋ ಸೇರುತ್ತಿದೆ. ಕೂಲೆಂಟ್ (ಇಂಜಿನ್ ತಣ್ಣಗಿಡುವ ನೀರು) ಸೇರಿದರೆ ಹಾಲು ಹಾಕಿದ ಟೀ ಬಣ್ಣ ಬರುತ್ತದೆ. ಡೀಸೆಲ್ ಸೇರಿದರೆ ಬಣ್ಣ ಕಪ್ಪೇ, ತೆಳ್ಳಗೆ ನೀರಾಗಿರುತ್ತದೆ, ಮೂಸಿದರೆ ಗೊತ್ತಾಗುತ್ತದೆ. ಕಡ್ಡಿಯಿಂದ ಒಂದು ತೊಟ್ಟು ಕಾಫಿ ಫಿಲ್ಟರ್ ಕಾಗದದ ಮೇಲೆ ಬಿಟ್ಟು ರಾತ್ರಿಯೆಲ್ಲ ಇಡಿ. ಕಪ್ಪು ಚುಕ್ಕೆಯ ಸುತ್ತ ತಿಳಿಯಾದ ಅಗಲ ಉಂಗುರ ಬಂದರೆ ಡೀಸೆಲ್.

ಮೂರು ಪ್ರಶ್ನೆ. ಮೊದಲು ಆಯಿಲ್ ಎಷ್ಟಿತ್ತು? ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಸೈಲೆನ್ಸರ್ ಡಬ್ಬಿಯೊಳಗೆ ಚುಕ್ಕೆ ಚುಕ್ಕೆ ಇರುವ ಗುರುತು, ಯಾವಾಗಾದರೂ ಬಂದಿತ್ತಾ? ನಿಂತಲ್ಲೇ ಇಂಜಿನ್ ಓಡಿಸುತ್ತೀರಾ?

ಮನೆಗಾಡಿ ಮೇಷ್ಟ್ರು, ಮೈಸೂರು

ಬೈಸಿಕೊಂಡೆ, ಒಪ್ಪಿಕೊಂಡೆ. ಗಾಡಿ ಶೆಡ್ಡಿನಲ್ಲೇ ಇದೆ.

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಇತ್ತು, ಓದಿ ಅರ್ಥ ಮಾಡಿಕೊಳ್ಳಲಿಲ್ಲ. 61,000ಕ್ಕೆ ಆಯಿಲ್ ಬದಲಿಸಿದಾಗ ಸರಿಯಾಗಿ ಮೇಲಿನ ಗೆರೆಗೆ ಇತ್ತು. 64,500ಕ್ಕೆ 4 ಮಿ.ಮೀ. ಮೇಲೆ. ಈಗ 11. "ಒಳ್ಳೆ ಇಂಜಿನ್, ಆಯಿಲ್ ಕುಡಿಯಲ್ಲ" ಅಂತ ಪಕ್ಕದಲ್ಲಿ ಬರೆದುಕೊಂಡಿದ್ದೆ! ಹಳದಿ ದೀಪ ಎರಡು ಸಲ ಬಂದಿತ್ತು, ಆಫ್ ಮಾಡಿ ಆನ್ ಮಾಡಿದೆ. ಕುಕ್ಕೆಯಲ್ಲಿ ಸೆಖೆ ಅಂದರೆ ಸೆಖೆ, ರಾತ್ರಿ ಎರಡು ಮೂರು ಗಂಟೆ ಎಸಿಗಾಗಿ ಇಂಜಿನ್ ಹಾಕಿಟ್ಟು ಮಲಗುತ್ತಿದ್ದೆವು. ಮೈಸೂರಿನಲ್ಲಿ ಬರೀ ಮಾರ್ಕೆಟ್ಟು, ಮೊಮ್ಮಗಳ ಸ್ಕೂಲು.

ಕಾಗದದ ಮೇಲೆ ಉಂಗುರ ಬಂದಿದೆ. ಕೂಲೆಂಟ್ ಇಳಿದಿಲ್ಲ.

ಡಿಪೋ ಮೇಸ್ತ್ರಿ, ಹಾಸನ

ಹಾಗಾದರೆ ಡೀಸೆಲ್ಲೇ. ಬಿಎಸ್6 ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್. ಮಸಿ ತುಂಬಿದಾಗ ಕಂಪ್ಯೂಟರ್ ಅದನ್ನು ಸುಡಲು ನೋಡುತ್ತದೆ. ಅದಕ್ಕೆ ಶಾಖ ಬೇಕು. ಹಲವು ಇಂಜಿನ್‌ಗಳಲ್ಲಿ ಆ ಶಾಖಕ್ಕಾಗಿ ಪಿಸ್ಟನ್ ಕೆಳಗಿಳಿಯುವಾಗ ಒಂದಿಷ್ಟು ಡೀಸೆಲ್ ಜಾಸ್ತಿ ಚಿಮ್ಮಿಸುತ್ತದೆ. ಹೈವೇಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಹೋದರೆ ಕೆಲಸ ಮುಗಿಯುತ್ತದೆ. ಐಡ್ಲಿಂಗ್ ಜಾಸ್ತಿಯಾದರೆ, ಮಾರ್ಕೆಟ್ಟಿಗೆ ಹೋಗಿ ಬಂದರೆ, ಮಧ್ಯದಲ್ಲಿ ಆಫ್ ಮಾಡಿದರೆ ಮುಗಿಯಲ್ಲ. ಮತ್ತೆ ಮತ್ತೆ ಶುರು ಮಾಡುತ್ತದೆ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಚೇಂಬರ್ ಸೇರುತ್ತದೆ. ಬಸ್ಸು ದಿನವಿಡೀ ಓಡುತ್ತದೆ, ಅದಕ್ಕೆ ಈ ಕಾಟ ಕಡಿಮೆ. ನಿಮ್ಮಂಥ ನಿಲ್ಲುವ ಗಾಡಿಗೇ ಜಾಸ್ತಿ.

ಗಟ್ಟಿ ಆಯಿಲ್ ಹಾಕಿ ಅಂದವರ ಮಾತು ಕೇಳಬೇಡಿ. ಗಟ್ಟಿ ಅಂತ ಸಿಕ್ಕಿದ್ದು ಹಾಕಿ, ಅದು ಉರಿದಾಗ ಬೂದಿ ಜಾಸ್ತಿ ಬಿಡುವ ಆಯಿಲ್ ಆಗಿದ್ದರೆ ಆ ಫಿಲ್ಟರ್ ಇನ್ನೂ ಬೇಗ ಕಟ್ಟುತ್ತದೆ, ಬೂದಿಯನ್ನು ಸುಟ್ಟು ತೆಗೆಯಲೂ ಆಗುವುದಿಲ್ಲ. ಪುಸ್ತಕದಲ್ಲಿ ಬರೆದ ಗ್ರೇಡೇ ಹಾಕಿಸಿ. ಟೋ ಮಾಡಿಸಿ, ಆಯಿಲ್ ಬದಲಿಸಿ, ಆಮೇಲೇ ಸ್ಕ್ಯಾನರ್ ಹಾಕಿ ಡಿಪಿಎಫ್ ಸುಡಿಸಿ. ತುಂಬಿದ ಆಯಿಲಿನ ಮೇಲೆ ಅದನ್ನು ಮಾಡಿಸಬೇಡಿ. ಹೆಚ್ಚಾದ ಆಯಿಲನ್ನು ಇಂಜಿನ್ ಬ್ರೀದರಿನಿಂದ (ಒಳಗಿನ ಗಾಳಿ ಬಿಡುವ ಪೈಪು) ಎಳೆದುಕೊಂಡರೆ ಕೀ ಆಫ್ ಮಾಡಿದರೂ ನಿಲ್ಲದೆ ಕೂಗಿಕೊಂಡು ಓಡುತ್ತದೆ, ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಹಳೇ ಆಯಿಲ್ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಲು ಹೇಳಿ. ತಾಮ್ರ, ಬೆಳ್ಳಿ ಥರ ಮಿಂಚುವ ಪುಡಿ ಇದ್ದರೆ ಬೇರಿಂಗ್ ತಿಂದಿದೆ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ. ಇಂಜಿನ್ ಹಾಕಿಟ್ಟು ಒಳಗೆ ಮಲಗಬೇಡಿ. ಹೊಗೆಯ ವಿಷಕ್ಕೆ ವಾಸನೆ ಇರುವುದಿಲ್ಲ, ಎದ್ದೇಳಲು ಬಿಡುವುದಿಲ್ಲ.

ಮನೆಗಾಡಿ ಮೇಷ್ಟ್ರು, ಮೈಸೂರು

ಕೆಲಸ ಮುಗಿಯಿತು. ಆಯಿಲ್ ಬಿಚ್ಚುವ ಮೊದಲು ಗೇಜ್ ಹಾಕಿಸಿ ನೋಡಿದೆವು. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 6 ಪಿಎಸ್‌ಐ. ಹಾಗಾದರೆ ದೀಪ ಸುಳ್ಳು ಹೇಳಿರಲಿಲ್ಲ. ಹಾಕಿದ್ದು 7 ಲೀಟರ್, ಬಿಚ್ಚಿದಾಗ ಬಕೆಟ್ಟಿಗೆ ಬಂದದ್ದು 8 ಲೀಟರಿಗೆ ಮೇಲೆ. ಫಿಲ್ಟರ್ ಕತ್ತರಿಸಿದರು, ಬರೀ ಮಸಿ, ಮಿಂಚು ಇಲ್ಲ. ಹೊಸ ಆಯಿಲ್ ಹಾಕಿದ ಮೇಲೆ ಅದೇ ಬಿಸಿಯಲ್ಲಿ ಐಡ್ಲಿಂಗ್ 19, 2,000 ಆರ್‌ಪಿಎಂಗೆ 44.

ಡಿಪೋ ಮೇಸ್ತ್ರಿ, ಹಾಸನ

ಬದುಕಿತು ಇಂಜಿನ್. 500 ಕಿ.ಮೀ. ಹೈವೇಯಲ್ಲಿ ಓಡಿಸಿ ಕಡ್ಡಿ ನೋಡಿ. ಆಗಲೂ ಏರಿದ್ದರೆ ಡಿಪಿಎಫ್ ಬಿಟ್ಟು, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದೆಯಾ ಅಂತ ನೋಡಿಸಬೇಕು. ಗೇಜನ್ನು ಬಿಚ್ಚಿಸಬೇಡಿ, ಹಾಗೇ ಡ್ಯಾಶ್‌ಬೋರ್ಡಿಗೆ ಕೂರಿಸಿಕೊಳ್ಳಿ.

ಮನೆಗಾಡಿ ಮೇಷ್ಟ್ರು, ಮೈಸೂರು

512 ಕಿ.ಮೀ., ಚಿತ್ರದುರ್ಗಕ್ಕೆ ಹೋಗಿ ಬಂದೆವು. ಗೆರೆಗೆ ಸರಿಯಾಗಿದೆ, ಒಂದು ಮಿ.ಮೀ. ಕೂಡ ಏರಿಲ್ಲ. ರಾತ್ರಿಗೆ ಎರಡನೇ ಬ್ಯಾಟರಿಯಿಂದ ಎರಡು ಫ್ಯಾನ್ ಹಾಕಿಸಿದ್ದೇನೆ. ಎಸಿ ಇಲ್ಲ ಅಂತ ಮನೆಯವರದು ಗೊಣಗಾಟ ಇದ್ದೇ ಇದೆ, ಅದಕ್ಕೆ ಮೇಸ್ತ್ರಿಗಳ ಹತ್ತಿರ ಔಷಧಿ ಇದ್ದರೆ ಹೇಳಿ.